ಒಂದು ಹಾಳೆಯ ತೂಕ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ
ಮೊನ್ನೆ ಒಂದು ಕೈಪಿಡಿ ಬಂತು, ರಟ್ಟಿನ ಪೆಟ್ಟಿಗೆಯಲ್ಲಿ:
'ಮಾಹಿತಿ ತಂತ್ರಜ್ಞಾನ ಸೇವಾ ನಿರ್ವಹಣೆ, ಮಾನದಂಡಗಳು.'
ಸುಮ್ಮನೆ ಕುತೂಹಲಕ್ಕೆ ತಕ್ಕಡಿ ಮೇಲಿಟ್ಟೆ.
ಮೂರು ಕೆಜಿ ನೂರಾ ನಲವತ್ತು ಗ್ರಾಂ.
ಬೈವೋಲ್ಟೈನ್ ಗೂಡಾಗಿದ್ದರೆ ಒಳ್ಳೆ ರೇಟಾಗೋದು, ಅಂದ
ತೂಕದ ಪಿಳ್ಳಪ್ಪ.

ನಾವಿರೋದು ಇಬ್ಬರು. ನಾನು, ತಸ್ಲೀಮಾ.
ಒಂದು ಸರ್ವರು, ಹನ್ನೊಂದು ತಕ್ಕಡಿ,
ಚೀಟಿ ಕಚ್ಚಿಕೊಳ್ಳುವ ಎರಡು ಪ್ರಿಂಟರು,
ಹರಾಜಿನ ದೊಡ್ಡ ಪರದೆ.
ಕೈಪಿಡಿ ಪ್ರಕಾರ ಬೇಕಾದವರು ಹದಿನೇಳು ಮಂದಿ:
ಬದಲಾವಣೆಗೊಬ್ಬ ಅಧಿಕಾರಿ, ಅಡಚಣೆಗೊಬ್ಬ,
ಅಡಚಣೆ ಯಾಕಾಯಿತೆಂದು ಯೋಚಿಸಲಿಕ್ಕೆ ಮತ್ತೊಬ್ಬ.
ತಸ್ಲೀಮಾ ಬೆರಳು ಮಡಿಸಿ ಎಣಿಸಿದಳು.
ಸಾಲದೆ, ನನ್ನ ಕೈಯನ್ನೂ ಕೇಳಿದಳು.

ಆ ಮಂಗಳವಾರ ನೆನಪಿದೆ.
ಹತ್ತೂಮುಕ್ಕಾಲಿಗೆ, ಹರಾಜು ಕಾವೇರಿದ ಹೊತ್ತಿಗೆ,
ಪರದೆ ಕಪ್ಪಾಯಿತು.
ಮುನ್ನೂರ ಹನ್ನೆರಡನೇ ಲಾಟಿನ ಬಿಡ್ಡು
ಗಾಳಿಯಲ್ಲೇ ನಿಂತಿತು.
ರೀಲರುಗಳ ಗದ್ದಲ. ಉರ್ದು, ತೆಲುಗು, ಕನ್ನಡ,
ಬೈಗುಳಕ್ಕೆ ಮಾತ್ರ ಮೂರೂ ಒಟ್ಟಿಗೆ.
ಗಂಜಿಗುಂಟೆಯಿಂದ ಗೂಡು ತಂದಿದ್ದ ಮುನಿರತ್ನಮ್ಮ
ಬೈಯಲಿಲ್ಲ. ಕಿಟಕಿಗೆ ಬಂದು ಒಂದು ಗೂಡನ್ನು ಅಲ್ಲಾಡಿಸಿ
ನನ್ನ ಕಿವಿ ಹತ್ತಿರ ಹಿಡಿದಳು.
"ಒಳಗಿರೋದಕ್ಕೆ ನಿನ್ನ ಕಂಪ್ಯೂಟರು ಗೊತ್ತಿಲ್ಲಪ್ಪ.
ದಿನ ತುಂಬಿದರೆ ತೂತು ಕೊರಕೊಂಡು ಹೊರಡುತ್ತೆ.
ಆಮೇಲೆ ದಾರ ಎಲ್ಲಿ, ದುಡ್ಡೆಲ್ಲಿ?"

ಯಾರೋ ಹಿಂದಿನ ಸಂಜೆ ಕೇಬಲು ಬದಲಿಸಿದ್ದರು.
ಯಾರು? ಒಂದು ಗಂಟೆ ಹುಡುಕಿದೆವು.
ನಾನೇ.
ಬರೆದಿಟ್ಟಿರಲಿಲ್ಲ. ಮರೆತಿದ್ದೆ.

ಅವತ್ತು ರಾತ್ರಿ ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ ಬರೆದೆವು:
ಏನು ಮುಟ್ಟಿದರೂ ಮೊದಲು ಇನ್ನೊಬ್ಬರಿಗೆ ಹೇಳು.
ಹರಾಜಿನ ಹೊತ್ತಲ್ಲಿ ಹೇಳಿಯೂ ಮುಟ್ಟಬೇಡ.
ಕೆಟ್ಟದ್ದು ಯಾವಾಗ, ಸರಿಯಾದದ್ದು ಯಾವಾಗ,
ಗಡಿಯಾರ ನೋಡಿ ಬರಿ, ಅಂದಾಜು ಬೇಡ.
ಒಂದೇ ಪ್ರಿಂಟರು ಮೂರು ಸಲ ಮಲಗಿದರೆ
ನಾಲ್ಕನೇ ಸಲ ಎಬ್ಬಿಸಬೇಡ, ಬಿಚ್ಚಿ ನೋಡು.
ತಡವಾಗುತ್ತೆ ಅನ್ನಿಸಿದರೆ ಮೈಕಿನಲ್ಲಿ ಕೂಗು,
ಎಷ್ಟು ಹೊತ್ತು ಅಂತ ಗೊತ್ತಾದರೆ
ಜನ ಟೀಗಾದರೂ ಹೋಗಿ ಬರ್ತಾರೆ.
ಈ ಕೊನೆಯದು ತಸ್ಲೀಮಾಳದ್ದು. ನನಗದು ಹೊಳೆದಿರಲಿಲ್ಲ.

ತಪಾಸಣೆಗೆ ಬಂದ ಸಾಹೇಬರು ಕನ್ನಡಕ ಏರಿಸಿ ಓದಿದರು.
"ಇಷ್ಟೇನಾ?"
"ಸದ್ಯಕ್ಕೆ ಸಾರ್. ಆದರೆ ಇಷ್ಟನ್ನು ದಿನಾ ಮಾಡ್ತೀವಿ."
ಅವರು ಹೊರಟ ಮೇಲೆ ಪಿಳ್ಳಪ್ಪ ಹಾಳೆಯನ್ನೂ ತೂಗಿದ.
ತಕ್ಕಡಿ ಸೊನ್ನೆ ತೋರಿಸಿತು.
ಸುಳ್ಳೇಕೆ, ಕೈಪಿಡಿಯಲ್ಲಿ ಬ್ಯಾಕಪ್ಪಿನ ಅಧ್ಯಾಯ ಚೆನ್ನಾಗಿತ್ತು,
ಅದೊಂದನ್ನು ಹರಿದು ಇಟ್ಟುಕೊಂಡಿದ್ದೇವೆ.

ನಿನ್ನೆ ನೋಡಿದರೆ ಹಾಳೆಯ ಅಂಚಿನಲ್ಲಿ
ಪೆನ್ಸಿಲ್ಲಿನ ಸೊಟ್ಟ ಅಕ್ಷರ, ಕಾವಲಿನ ಚೌಡಪ್ಪನದು:
'ಡೀಸೆಲ್ ನೋಡಿದ್ದೀರಾ?'
ಇಬ್ಬರೂ ನೋಡಿರಲಿಲ್ಲ.
ಜನರೇಟರಿನ ಮುಚ್ಚಳ ತೆಗೆದು ಕಡ್ಡಿ ಇಳಿಸಿದೆ.
ತುದಿ ಮಾತ್ರ ಒದ್ದೆ.