ಬಾಯಾರಿನ ಕಲ್ಲು

ವಿದ್ಯಾನಗರದ ನಮ್ಮ ಲ್ಯಾಬಿನಲ್ಲಿ
ಹದಿನಾಲ್ಕು ಕಂಪ್ಯೂಟರು, ಓಡುವುದು ಒಂಬತ್ತು.
ಯುಪಿಎಸ್ಸಿನ ಬ್ಯಾಟರಿ ಉಬ್ಬಿ ವರ್ಷವಾಯಿತು.
ಕರೆಂಟು ಹೋದರೆ ಗುಡ್ಡವೂ ಹೋಗುತ್ತದೆ,
ಅರ್ಧ ಇಳಿದ ಮಳೆಯೂ.
ಹಾಗಾಗಿ ಮೊದಲ ದಿನ ನಾನು ಹೇಳಿಕೊಡುವುದು
ಭೌತಶಾಸ್ತ್ರವಲ್ಲ, ಸೇವ್ ಮಾಡುವುದು.

ಸಮೀಹಾ ಬಂದದ್ದು ಮುರಕಲ್ಲಿನ ತುಂಡಿನೊಂದಿಗೆ,
ಚೀಲದೊಳಗೆ, ಅನ್ನದ ಡಬ್ಬಿಯ ಪಕ್ಕ.
ಊರು ಬಾಯಾರು.
ಹೊರಗಿನವರಿಗೆ ಅದೊಂದು ಕ್ರಿಯಾಪದ,
ನಮಗೆ ಬಸ್ಸಿನ ಬೋರ್ಡು.
'ಟೀಚರ್, ಇದರೊಳಗೆ ನೀರಿಗೆ ದಾರಿ ಸಿಗುವುದು ಹೇಗೆ?'

ಹಾಳೆಯಲ್ಲಿ ಚೌಕುಳಿ ಎಳೆದೆ.
ಒಂದೊಂದು ಮನೆಗೂ ನಾಣ್ಯ ಚಿಮ್ಮು:
ತೂತು, ಇಲ್ಲವೇ ಕಲ್ಲು.
ತೂತಿನಿಂದ ಪಕ್ಕದ ತೂತಿಗೆ ಹೋಗುತ್ತ ಹೋಗುತ್ತ
ಮೇಲಿನ ನೀರು ತಳ ಮುಟ್ಟಿತೋ ನೋಡು.
ನೂರಕ್ಕೆ ಐವತ್ತು ತೂತಿದ್ದರೂ ಸಾಲದು.
ಐವತ್ತೊಂಬತ್ತು ದಾಟಿತೋ,
ಅಲ್ಲಿಯವರೆಗೆ ಗುರುತೇ ಇಲ್ಲದ ತೂತುಗಳೆಲ್ಲ
ಒಮ್ಮೆಲೇ ಸಂಬಂಧಿಕರು.

ನಾಣ್ಯ ಚಿಮ್ಮಲು ಯಂತ್ರಕ್ಕೊಂದು ಬೀಜ ಬೇಕು, ಎಂದೆ.
ಅವಳ ಉಮ್ಮ ಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿಯುವವಳು;
'ಎಷ್ಟು ಕಿಲೊ?' ಎಂದಳು.
ಸಂಖ್ಯೆ ಸಾಕು ಮಗು.
ಉಮ್ಮನ ಟೋಕನ್ ನಂಬರು ಹಾಕಿದಳು, ೭೧೩.
ಅದೇ ಬೀಜಕ್ಕೆ ಅದೇ ಗುಡ್ಡ, ಅದೇ ಮಳೆ,
ಎಷ್ಟು ಸಲ ಬೇಕಾದರೂ.
ಇದೊಂದನ್ನು ಮಾತ್ರ ಅವಳು ನಂಬಲಿಲ್ಲ.
ಮೂರು ಸಲ ಓಡಿಸಿ
ಪರದೆಗೆ ಬೆರಳಿಟ್ಟು ಎಣಿಸಿದಳು.

ತೊಂದರೆ ಕೊಟ್ಟದ್ದು ನಿಜದ ಕಲ್ಲು.
ಕೋರೆಯಲ್ಲಿ ಕೊಯ್ಯಿಸಿ, ಕೊಯ್ದ ಮುಖದ ಫೋಟೊ ತೆಗೆದು,
ಕಪ್ಪೆಂದರೆ ತೂತು, ಕೆಂಪೆಂದರೆ ಕಲ್ಲು ಎಂದು ಎಣಿಸಲು ಕೂತರೆ
ನಡುವೆ ಇನ್ನೊಂದು ಬಣ್ಣ,
ಹಳೆಯ ಹುಳಿಯದ್ದು,
ತೂತೂ ಅಲ್ಲ, ಕಲ್ಲೂ ಅಲ್ಲ.
ಗೆರೆ ಇಲ್ಲಿ ಎಳೆದರೆ ಐವತ್ತೆರಡು,
ಅಲ್ಲಿ ಎಳೆದರೆ ಅರುವತ್ತನಾಲ್ಕು.
'ಯಾವುದು ಬರೆಯಲಿ?'
ಹದಿನೆಂಟು ವರ್ಷ ಪಾಠ ಮಾಡಿದವಳು ನಾನು.
ನನ್ನ ಪ್ರಬಂಧದಲ್ಲಿ ನಾನು ಗೆರೆ ಎಳೆದ ಜಾಗ,
ಎಳೆದ ಆ ಸಂಜೆ,
ಎಳೆದಾಗ ಯಾರೂ ನೋಡದೆ ಇದ್ದದ್ದು
ಸುಮ್ಮನೆ ನೆನಪಾಯಿತು.
ಎರಡೂ ಬರಿ, ಎಂದೆ. ನಡುವಿನದ್ದನ್ನೂ.

ಒಂದು ಭಾನುವಾರ ಐತಪ್ಪಣ್ಣನಲ್ಲಿ ಕೇಳಿದೆವು,
ಸುರಂಗ ತೋಡುವವನಲ್ಲಿ.
ಗುಟ್ಟೇನೂ ಹೇಳಲಿಲ್ಲ.
'ಹನ್ನೊಂದು ತೋಡಿದ್ದೇನೆ. ಮೂರರಲ್ಲಿ ಬಾವಲಿ ಮಾತ್ರ.'
ಅದನ್ನೂ ಅವಳು ಬರೆದುಕೊಂಡಳು: ಹನ್ನೊಂದಕ್ಕೆ ಎಂಟು.
ಆಮೇಲೆ ಕಲ್ಲನ್ನು ಅಂಗೈಯಲ್ಲಿ ಹೊರಳಿಸಿ
'ನೀವು ಈ ಮೋರೆ ಮಾತ್ರ ನೋಡಿದ್ದಾ?'

ಆ ರಾತ್ರಿ ಅವಳು ಚೌಕುಳಿಗೆ ಆಳ ಕೊಟ್ಟಳು.
ಹಾಳೆಗೆ ಹೊಟ್ಟೆ ಬಂತು.
ನೀರಿಗೆ ಇನ್ನೊಂದು ದಿಕ್ಕು ಸಿಕ್ಕಿದ್ದೇ ಸಿಕ್ಕಿದ್ದು,
ಐವತ್ತೊಂಬತ್ತು ಯಾಕೆ, ಮೂವತ್ತೊಂದು ಚಿಲ್ಲರೆ ಸಾಕು.
ಗೆರೆ ಇಲ್ಲೋ ಅಲ್ಲೋ ಎಂಬ ನಮ್ಮ ಜಗಳವೇ ಮುಳುಗಿಹೋಯಿತು.
ಎಲ್ಲಿ ತೋಡಿದರೂ ನೀರು, ಎನ್ನುತ್ತಿತ್ತು ಪರದೆ.

ವೈವಾಕ್ಕೆ ಬಂದವರು ತಲಶ್ಶೇರಿಯ ಕಡೆಯವರು,
ಕನ್ನಡಕವನ್ನು ಹಣೆಗೇರಿಸಿ ನಕ್ಷೆ ನೋಡಿದರು.
'ಮೂವತ್ತೊಂದಕ್ಕೆ ಥಟ್ಟನೆ ಏರಬೇಕಿತ್ತಲ್ಲ,
ಇದೇನು ಇಳಿಜಾರು?'
'ಚೌಕುಳಿ ಸಣ್ಣದು, ಸರ್.
ನಮ್ಮ ಗುಡ್ಡವೂ ಸಣ್ಣದೇ.'
ಅವರು ನನ್ನನ್ನು ನೋಡಿದರು.
ಅದು ನಾನು ಹೇಳಿಕೊಟ್ಟದ್ದಲ್ಲ.
'ಹಾಗಾದರೆ ಆ ಮೂರು ಸುರಂಗ?'
ಫ್ಯಾನಿನ ಸದ್ದು.
'ಗೊತ್ತಿಲ್ಲ, ಸರ್.'

ಅಂಕ ಎಷ್ಟು ಸಿಕ್ಕಿತೆಂಬುದು ಕಡತದಲ್ಲಿದೆ.
ಕಲ್ಲು ನನ್ನ ಮೇಜಿನ ಮೇಲೆ, ಕಾಗದ ಹಾರದಂತೆ.
ಕಿಟಕಿ ಪಕ್ಕದ ಆರನೆಯ ಯಂತ್ರದಲ್ಲಿ
'ಬಾವಲಿ' ಎಂಬ ಫೈಲಿದೆ.
ತೆರೆದರೆ ಒಂದೇ ಸಾಲು,
ಬೀಜದ ಜಾಗ ಖಾಲಿ.