ಪಾಠಲಾಗ

ಹಡಪ್ಸರದ ಚೌಕಿಯೊಳಗ ಹವಾಲ್ದಾರ ಬರಕೊಂಡ ಶಬ್ದ ಅದು.
ನಾ ಇಂಡಿ ಕಡೆಯಾಕಿ. ಮರಾಠಿ ನನಗ
ಭಾಜಿ ಕೊಳ್ಳೂವಷ್ಟು ಬರತದ, ಅಳೂವಷ್ಟು ಬರೂದಿಲ್ಲ.
ಪಾಠ ಅಂತ ಕೇಳಿಸ್ತು, ಸಾಲಿ ಪಾಠ.
ಲಾಗ ಅಂದ್ರ, ನಮ್ಮೂರ ಹುಡುಗ್ರು ಬಾವಿ ದಂಡಿಗೆ ಹಾಕತಾರಲ್ಲ, ಅದು.
ಮಗಳು ನನ್ನ ಕಿವ್ಯಾಗ ಅಂದ್ಲು:
ಹಂಗಲ್ಲವ್ವಾ, ಬೆನ್ನ ಹತ್ತೂದು.

ಬೆನ್ನ ಹತ್ತಿದ್ದ. ಹನ್ನೊಂದು ತಿಂಗಳು.
ಗಾಡೀತಳದ ಬಸ್‌ಸ್ಟಾಪಿನಾಗ, ಲ್ಯಾಬಿನ ಮೆಟ್ಟಲ ಕೆಳಗ,
ನಮ್ಮ ಗಲ್ಲಿಯ ಗಿರಣಿ ಮುಂದ
ಜ್ವಾಳ ಬೀಸೂತನಕ ನಿಂತಿರತಿದ್ದ,
ಕೈಯಾಗ ಚೀಲ ಇಲ್ಲದ.

ಆಕಿ ಒಂದು ವಹಿ ಇಟ್ಟಿದ್ಲು.
ರಕ್ತದ ಬಾಟ್ಲಿಗೆ ಹೆಸರು ಹಚ್ಚೂ ಅಕ್ಷರ, ಸಣ್ಣಗ, ನೆಟ್ಟಗ:
ತಾರೀಖು, ಬಸ್ಸಿನ ನಂಬರು, ಎಷ್ಟು ಹೊತ್ತು ನಿಂತ.
ಒಂದು ದಿನದ ಮುಂದ "ಇವತ್ತ ಬರಲಿಲ್ಲ" ಅಂತ ಬರದು
ಬಾಜೂಕ ಒಂದು ಹೂವು ತಗದಾಳ, ಪೆನ್ನಿಲೆ.

ಹವಾಲ್ದಾರ ಚೀಟಿ ಹರದು ಕೊಟ್ಟ. ಎನ್‌ಸಿ ಅಂದ.
ಹುಡುಗಿ ಹಾದಿ ಬದಲಿಸಲಿ, ಬಾಯಿ, ಅಂದ.
ನಾನೂ ಅದನ್ನ ಅಂದೆ. ಹೆಂಗ ಮುಚ್ಚಿಡಲಿ?
ರೊಟ್ಟಿ ಬಡಕೋತ, ಮಾರಿ ಎತ್ತಿ ನೋಡಲಾರದ
ಒಮ್ಮೆರ ನಕ್ಕಿದ್ದೇನ ನೀಲವ್ವಾ, ಅಂತನೂ ಕೇಳಿದೆ.

ಆಕಿ ಎರಡು ಬಸ್ಸು ಹಿಡದು ಸುತ್ತ ಹಾಕಿ ಬರಾಕ ಹತ್ತಿದ್ಲು.
ಆ ಹಾದ್ಯಾಗ ಕಡೀ ದೀಪದ ಆಚಿಗೆ ಕತ್ತಲ.
ಇಷ್ಟ ಹೇಳತೀನಿ.
ಉಳಿದದ್ದು ಪಂಚನಾಮಾದಾಗ ಅದ.

ಈಗ ನಾವು ಬೆನ್ನ ಹತ್ತೀವಿ. ನಾಕನೇ ವರ್ಷ.
ಇವರು ಬಸ್ ಡಿಪೋದಾಗ ಪಾನಾ ಕೆಳಗಿಟ್ಟು
ರಜಾ ಬರದು ಬರದು ಪಗಾರ ಸಣ್ಣ ಮಾಡಕೊಂಡಾರ.
ಶಿವಾಜಿನಗರದ ಕೋರ್ಟಿನಾಗ ಫೈಲು ಯಾವ ಖೋಲಿಗೆ ಹೋಗತದೋ
ಆ ಖೋಲಿ ಬಾಗಲದಾಗ ನಾವು.
ಸರಕಾರಿ ವಕೀಲರು ಚಹಾಕ್ಕ ಇಳದ್ರ ನಾವೂ ಇಳೀತೀವಿ,
ಕುಡೀದ ನಿಂದರತೀವಿ.
ಕಾರಕೂನ ನಮ್ಮನ್ನ ಕಂಡು ಹಿಂದಿನ ಜಿನ್ಯಾ ಹಿಡೀತಾನ.
ಆಗ ನನಗ ನಗಿ ಬರತದ, ಹೊಟ್ಯಾಗ ಕೊಳ್ಳಿ ಇಟ್ಟಂಥಾ ನಗಿ:
ಹಾದಿ ಬದಲಿಸೂದಂದ್ರ ಏನು, ತಿಳೀತೇನಪಾ ನಿನಗ?

ಅವನ ಕಡೆ ವಕೀಲ ಎದ್ದು ಅಂದ:
ಪರಿಚಯ ಇತ್ತು ಸಾಹೇಬ್ರ, ಹುಡುಗಿ ನಕ್ಕಿದ್ಲು.
ನನ್ನ ಮಾತ ಅದು. ನನ್ನ ಅಡಗಿಮನಿಯಿಂದ ಎದ್ದು
ಕರೀ ಕೋಟು ಹಾಕ್ಕೊಂಡು ಬಂದು ನಿಂತಿತ್ತು.

ಕಂಡಕ್ಟರ್ ಅಂದ, ಗದ್ದಲ ಇತ್ತು, ನೆನಪಿಲ್ಲ.
ಪೇರಲ ಮಾರೂ ಹೌಸಾಬಾಯಿ ಬಂದ್ಲು,
ಬುಟ್ಟಿ ಗೇಟಿನ ಸಿಪಾಯಿ ಹತ್ರ ಇಟ್ಟು, ಒಂದು ದಿನದ ದುಡ್ಡು ಬಿಟ್ಟು.
ಆ ಪೋರಿ ನನ್ನ ಬುಟ್ಟಿ ಮರಿಗೆ ಬಂದು ನಿಂದರತಿದ್ಲು.
ಹಣ್ಣು ಕೊಳ್ಳತಿದ್ದಿಲ್ಲ. ನಾನೂ ಕೇಳತಿದ್ದಿಲ್ಲ.
ಉಪ್ಪು ಖಾರ ಕೂತ ಉಗುರಿನ ಬೆರಳು ಎತ್ತಿದ್ಲು:
ಇವನ.

ಕೋರ್ಟಿನಾಗ ಆಕಿ ಹೆಸರು ಕೂಗೂದಿಲ್ಲ.
ಸರಕಾರ ವಿರುದ್ಧ ಅವನು, ಅಷ್ಟ ಕೂಗತಾರ.
ನಾ ಒಳಗೊಳಗ ಪೂರಾ ಹೆಸರು ಕೂಗತೀನಿ:
ನೀಲಾಂಬರಿ ಚನಮಲ್ಲಪ್ಪ ಬಿರಾದಾರ.
ಹಾಜರ್ ಅಂತ ನಾನ ಅಂತೀನಿ.

ವಹಿಗೆ ಅರಗಿನ ಮುದ್ರಿ ಬಿದ್ದದ, ನಮಗ ಕೊಡೂದಿಲ್ಲ.
ಝೆರಾಕ್ಸಿನಾಗ ಹೂವು ಕರ್ರಗಾಗಿ ಒಂದು ಕಲಿ ಆಗೇದ.
ಅದರ ಬೆನ್ನಿಗೆ ನಾ ಕನ್ನಡದಾಗ ಬರೀತೀನಿ, ಸೊಟ್ಟ ಸೊಟ್ಟ,
ಯಾವ ತಾರೀಖು, ಎಷ್ಟು ಹೊತ್ತು ನಿಂತಿವಿ.
ನಿನ್ನೆ ಜಡ್ಜ್ ಸಾಹೇಬ್ರಿಗೆ ರಜಾ.
"ಇವತ್ತ ಬರಲಿಲ್ಲ" ಅಂತ ಬರದೆ.
ಹೂವು ತಗೀಲಿಲ್ಲ.

ಮುಂದಿನ ತಾರೀಖು ಪಂಚಮಿ ಮರುದಿನ ಅದ.
ಇವರು ಕೇಳಿದ್ರು, ಗದ್ದಲ ಇರತದ, ಸುತ್ತ ಹಾಕಿ ಹೋಗೂಣೇನು?
ಬ್ಯಾಡ ಅಂದೆ.
ಆಕಿ ಮೊದಲ ಹೋಗತಿದ್ಲಲ್ಲ, ಆ ಬಸ್ಸು,
ಕಿಡಕಿ ಬಾಜೂಕ,
ನೆಟ್ಟನ ಹಾದಿ.