ಹುಟ್ಟು

ಕೂಸು ಹುಟ್ಟೋ ಮುಂಚೆ ಕುಲಾವಿ ಅಂತ
ನಮ್ಮತ್ತೆ ನನ್ನ ಕೋಣೆಯ ಬಾಗಿಲಲ್ಲಿ ನಿಂತು,
ಒಳಗೆ ಕಾಲಿಡದೆ, ಅಂದದ್ದಕ್ಕೆ
ನಾನೇನೂ ಎದುರಾಡಲಿಲ್ಲ.
ಕಾಲಿಡಲು ಜಾಗವೂ ಇರಲಿಲ್ಲ.

ಮಂಚದ ಕೆಳಗೆ ಎರಡು ಜೊತೆ ಬೂಟು,
ಒಂದು ಕಲ್ಲಿಗೆ, ಒಂದು ಕೆಸರಿಗೆ;
ಎರಡರ ಅಟ್ಟೆಗೂ ಇನ್ನೂ ಅಂಗಡಿಯ ವಾಸನೆ.
ಮೊಳೆಯಲ್ಲಿ ಮೂವತ್ತು ಮೀಟರು ಕೆಂಪು ಹಗ್ಗ
(ಬಟ್ಟೆ ಒಣಗಿಸಲು ಕೇಳಿದವರಿಗೆ ಕೊಟ್ಟಿಲ್ಲ).
ಹಣೆಗೆ ಕಟ್ಟುವ ದೀಪ; ಕರೆಂಟು ಹೋದಾಗ
ಅದನ್ನು ಕಟ್ಟಿಕೊಂಡೇ ಸಾರಿಗೆ ಒಗ್ಗರಣೆ ಹಾಕಿದ್ದೇನೆ.
ಇಬ್ಬರು ಮಲಗುವ ಟೆಂಟು. ಒಮ್ಮೆ ತಾರಸಿಯ ಮೇಲೆ ಬಿಚ್ಚಿ,
ಮಡಿಸಲು ಬಾರದೆ ಯಜಮಾನರೂ ನಾನೂ ಸೆಣಸಿ ಸೆಣಸಿ
ಕೊನೆಗೆ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿಟ್ಟೆವು.

ಹಾಸನದ ಹೆಡ್ಡಾಫೀಸಿನಲ್ಲಿ ಪಾರ್ಸೆಲ್ ಕೌಂಟರು ನನ್ನದು.
ಊರವರ ಪೊಟ್ಟಣಗಳ ತೂಕ ನೋಡುತ್ತ ಇಪ್ಪತ್ತಾರು ವರ್ಷ.
ನನ್ನ ಹೆಸರಿನದು ಬಂದ ದಿನ ಮಾತ್ರ
ಜವರಪ್ಪ ಮೀಸೆಯಲ್ಲೇ ನಕ್ಕು, "ಸರ್ವಮಂಗಳಮ್ಮಾರೇ,
ಈ ಸಲ ಯಾವ ಬೆಟ್ಟ ಬಂತು?" ಅನ್ನುತ್ತಾನೆ.
ಬೆಟ್ಟವೇ ಬಂದ ಹಾಗೆ ಎದೆಗವಚಿ ಬಸ್ಸು ಹತ್ತುತ್ತೇನೆ.

ಯಾಕೆ ಕೊಳ್ಳುತ್ತೀಯ ಅಂದರೆ ಏನು ಹೇಳಲಿ.
ಡಾಕ್ಟರು ನಡೆಯಿರಿ ಅಂದರು, ನಡೆಯಲಿಲ್ಲ.
ಸಕ್ಕರೆಯ ಅಂಕಿ ಹೆದರಿಸಿತು, ಹೆದರಿದೆ, ನಡೆಯಲಿಲ್ಲ.
ಆದರೆ ಮೂರೂವರೆ ಸಾವಿರದ ಬೂಟು
ರಾತ್ರಿ ಹನ್ನೊಂದಕ್ಕೆ ಮಂಚದಡಿಯಿಂದ ನಾಲಗೆ ಚಾಚಿ
ಸುಮ್ಮನೆ ನೋಡುತ್ತದಲ್ಲ,
ಸಾಲ ಕೊಟ್ಟವರೂ ಹಾಗೆ ನೋಡುವುದಿಲ್ಲ.
ಬೆಳಗ್ಗೆ ಎದ್ದು ಮಹಾರಾಜ ಪಾರ್ಕಿಗೆ ಮೂರು ಸುತ್ತು.
ಪಾರ್ಕಿನ ಹುಲ್ಲಿಗೆ ಬೆಟ್ಟದ ಬೂಟು!
ಹವಾಯಿ ಚಪ್ಪಲಿಯ ಮುದುಕರು ನನ್ನನ್ನು ಹಿಂದೆ ಹಾಕಿ ಹೋದರು.
ಮಾರನೆಯ ವಾರ ದೀಪ ಕತ್ತಲು ಬೇಕೆಂದಿತು,
ನಾಲ್ಕೂವರೆಗೇ ಹೊರಟೆ.
ಬೀದಿನಾಯಿಗಳು ನನ್ನ ಹಣೆ ನೋಡಿ
ಬೊಗಳುವುದನ್ನೇ ಮರೆತವು.

ಮನೆಯಲ್ಲಿ ಹೆಚ್ಚು ಬೈಸಿಕೊಂಡದ್ದು ಹುಟ್ಟು.
ಎರಡು ತುದಿಗೂ ಎಲೆಯಿರುವ, ಹಳದಿ,
ಅರ್ಧ ಬೆಲೆಗೆ ಸಿಕ್ಕ ಹುಟ್ಟು.
"ದೋಣಿ?" ಅಂದರು ಇವರು.
ದೋಣಿ ಇಲ್ಲ.
"ಈಜು?"
ಅದೂ ಇಲ್ಲ.
ಪೇಪರು ಮಡಿಸಿಟ್ಟು ಎದ್ದು ಹೋದರು.

ಮೂಲೆಯಲ್ಲಿ ನಿಂತೇ ಇದ್ದ ಅದು,
ಕುರ್ಚಿ ಕೊಟ್ಟರೂ ಕೂರದ ನೆಂಟನ ಹಾಗೆ
ಯಾವಾಗ ಹೊರಡೋಣ ಅನ್ನುತ್ತಿತ್ತು.
ಕಡೆಗೊಂದು ಭಾನುವಾರ ಗೊರೂರಿನ ಬಸ್ಸು.
ನನಗೆ ಸೊನ್ನೆಯ ಟಿಕೆಟು, ಹುಟ್ಟಿಗೆ ಹತ್ತು ರೂಪಾಯಿ.

ಹಿನ್ನೀರಿನ ದಡದಲ್ಲಿ ಬಲೆಯ ಸಿಕ್ಕು ಬಿಡಿಸುತ್ತಿದ್ದ ಕರಿಸಿದ್ದಯ್ಯ
ನನ್ನನ್ನಲ್ಲ, ಅದನ್ನೇ ಮೇಲಿಂದ ಕೆಳಗೆ ನೋಡಿ,
"ಇದೇನವ್ವಾ, ಎರಡು ತಲೆ ಹಾವು" ಅಂದ.
ಹರಿಗೋಲು ತೋರಿಸಿ, ಕೂತ್ಕೊ ಅಂದ.

ಎಡಕ್ಕೊಂದು ಎಳೆದೆ, ಬಲಕ್ಕೊಂದು ಎಳೆದೆ.
ದುಂಡನೆಯ ಹರಿಗೋಲು ಇದ್ದಲ್ಲೇ ಗಿರಗಿರ.
ಅಣೆಕಟ್ಟು, ಹುಣಸೆಮರ, ಬಲೆ, ಅಣೆಕಟ್ಟು,
ಹುಣಸೆಮರ, ಬಲೆ.
"ಹುಟ್ಟೇನೋ ಚೆನ್ನಾಗೈತೆ ಕಣವ್ವ," ಅಂದ ನಗು ನುಂಗಿ,
"ನೀರಿಗೆ ಹೊಸದು, ಅಷ್ಟೇಯ."
ನಕ್ಕೆ ನೋಡಿ. ಐವತ್ಮೂರು ವರ್ಷದಲ್ಲಿ
ಅಷ್ಟು ಒದ್ದೆಯಾಗಿ ನಕ್ಕಿರಲಿಲ್ಲ.
ಹತ್ತು ಮಾರು ಹೋದೆವೋ ಇಲ್ಲವೋ.
ಹೋದೆವು.

ಅತ್ತೆ ಬಾಗಿಲಲ್ಲೇ ಇದ್ದರು.
ನೆನೆದ ಚೂಡಿದಾರ, ಬೊಬ್ಬೆ ಎದ್ದ ಅಂಗೈ ನೋಡಿ
"ಹುಟ್ಟಿತಾ?" ಅಂದರು.
ಕೊಬ್ಬರಿ ಎಣ್ಣೆ ತಂದು, ಒಳಗೆ ಬಂದು,
ಬೂಟುಗಳನ್ನು ಕಾಲಲ್ಲೇ ಅತ್ತ ಸರಿಸಿ ಕೂತರು.
ನನ್ನ ಕೈ ತಿಕ್ಕುತ್ತ ಮೊಳೆಯ ಕಡೆ ನೋಡಿ
ಆ ಹಗ್ಗ ಯಾವ ಬೆಟ್ಟಕ್ಕೆ ಅಂತ ಕೇಳಿದರು.

ಗಂಟು ಹಾಕಲಿಕ್ಕೇ ನಾನಿನ್ನೂ ಕಲಿತಿಲ್ಲ.